"ಉಸಿರು ನೋಡಿ" ಅಂದಾಗ ಡ್ರೈವರ್ ಅಂಕಲ್‌ಗೆ ಏನಾಯ್ತು: ನಮ್ಮ ಭಾನುವಾರದ ಕ್ಲಾಸಿನ ಒಂದು ಕೇಸ್

ಭಾನುವಾರ ಬೆಳಗ್ಗೆ ಆರೂವರೆಗೆ ಬೆಂಗಳೂರಲ್ಲಿ ಯಾವ ಏರಿಯಾಗೆ ಹೋದ್ರೂ ಪಾರ್ಕಲ್ಲೋ ಅಸೋಸಿಯೇಷನ್ ಹಾಲಲ್ಲೋ ದೇವಸ್ಥಾನದ ಮಹಡಿ ಮೇಲೋ ಒಂದಷ್ಟು ಜನ ಕಣ್ಣು ಮುಚ್ಕೊಂಡು ಕೂತಿರ್ತಾರೆ. ಫೀಸ್ ಇಲ್ಲ, ಫಾರ್ಮ್ ಇಲ್ಲ, ಯಾರು ಬೇಕಾದ್ರೂ ಬರಬಹುದು, ಚಾಪೆ ಒಂದು ತಂದ್ರೆ ಆಯ್ತು. ಬನಶಂಕರಿ ಎರಡನೇ ಸ್ಟೇಜ್ ಕಡೆ ಇರೋ ನಮ್ಮ ಲೇಔಟ್‌ದೂ ಅಂಥದ್ದೇ ಒಂದು ಕ್ಲಾಸು. ಅಲ್ಲಿ ಹೋದ ವರ್ಷ ಆಷಾಢದಲ್ಲಿ ಒಬ್ಬ ಹಿರಿಯರು ಧ್ಯಾನದ ಮಧ್ಯೆ ಎದ್ದು ಕುಸಿದುಬಿಟ್ರು. ಆ ಸುದ್ದಿ ಪಕ್ಕದ ಲೇಔಟ್ ತಲುಪೋ ಹೊತ್ತಿಗೆ ಒಬ್ರ ಬಾಯಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು, ಇನ್ನೊಬ್ರ ಬಾಯಲ್ಲಿ ಕುಂಡಲಿನಿ ಎದ್ದಿದ್ದಂತೆ. ಎರಡೂ ಅಲ್ಲ. ಏನಾಗಿತ್ತು, ಯಾಕಾಯ್ತು, ಆಮೇಲೆ ಏನು ಬದಲಾಯಿಸಿದ್ವಿ ಅಂತ ಒಂದು ಸಲ ನೆಟ್ಟಗೆ ಬರೆದಿಟ್ರೆ ಇಂಥ ಕ್ಲಾಸ್ ನಡೆಸೋ ಬೇರೆಯವರಿಗೂ ಅನುಕೂಲ ಆಗ್ಲಿ ಅಂತ ಬರೀತಿದೀನಿ. ಅವರನ್ನ ಕೇಳ್ಕೊಂಡೇ ಬರೀತಿರೋದು. "ಬರಿಯಮ್ಮ, ಆದ್ರೆ ಹೆಸರು ಹಾಕ್ಬೇಡ, ಡಿಪೋದವರು ಆಡ್ಕೋತಾರೆ" ಅಂದ್ರು. ಅವರು ಬಿಎಂಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು, ಲೇಔಟಲ್ಲಿ ಎಲ್ರಿಗೂ ಡ್ರೈವರ್ ಅಂಕಲ್, ಇಲ್ಲೂ ಹಾಗೇ ಇರ್ಲಿ.

ಕ್ಲಾಸ್ ನಡೆಯೋದು ಅಸೋಸಿಯೇಷನ್ ಕಟ್ಟಡದ ಮೊದಲನೇ ಮಹಡಿಯಲ್ಲಿ, ಕೆಳಗಡೆ ನಂದಿನಿ ಬೂತು. ಲಾಕ್‌ಡೌನೆಲ್ಲ ಮುಗಿದು ಜನ ಮತ್ತೆ ಒಬ್ರ ಮುಖ ಒಬ್ರು ನೋಡೋಕ್ಕೆ ಶುರು ಮಾಡಿದ್ಮೇಲೆ, ಬ್ಯಾಂಕಿಂದ ರಿಟೈರ್ ಆಗಿದ್ದ ಒಬ್ರು ಇದನ್ನ ಶುರು ಮಾಡಿದ್ರು. ಬ್ಯಾಂಕಲ್ಲಿದ್ರೂ ಅವರನ್ನ ಎಲ್ರೂ ಕರಿಯೋದು ಮೇಷ್ಟ್ರು ಅಂತ್ಲೇ, ಯಾಕೋ ಗೊತ್ತಿಲ್ಲ. ಮೇಷ್ಟ್ರು ತುಮಕೂರು ರೋಡಲ್ಲಿ ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ ಗೋಯೆಂಕಾ ಅವರ ವಿಪಸ್ಸನ ಅನ್ನೋ ಬೌದ್ಧ ಧ್ಯಾನದ ಹತ್ತು ದಿನದ ಕೋರ್ಸ್ ಮಾಡಿದವರು, ಒಂದಲ್ಲ ಹಲವು ಸಲ. ಕೂತ್ರೆ ಕಂಬದ ಥರ ಕೂರ್ತಾರೆ. ನಾನು ಫಿಸಿಯೋಥೆರಪಿಸ್ಟು, ಅದೇ ರೋಡಲ್ಲಿ ಮನೆ, ಹಾಗಾಗಿ ಮೈ ಆಡಿಸೋ ಭಾಗ ನನ್ನ ತಲೆಗೆ ಬಂತು. ಮೊದಲು ಅರ್ಧ ಗಂಟೆ ಕೂರೋದು, ಆಮೇಲೆ ಅರ್ಧ ಗಂಟೆ ನಿಧಾನಕ್ಕೆ ಮೈಕೈ ಆಡಿಸೋದು, ಕೊನೆಗೆ ಐದು ನಿಮಿಷ ಮಲಗೋದು, ಆಮೇಲೆ ಯಾರೋ ಒಬ್ರು ತಂದ ಫ್ಲಾಸ್ಕಿಂದ ಕಷಾಯ. ಬರೋರಲ್ಲಿ ಎಲ್ಲ ಥರದವರೂ ಇದ್ರು, ಕುತ್ತಿಗೆ ನೋವಿನ ಐಟಿ ಹುಡುಗ್ರು, ಮನೆಮುಂದೆ ರಂಗೋಲಿ ಹಾಕಿ ನೇರ ಬರೋ ಆಂಟಿಯರು, ಎರಡು ಮೂರು ಮನೇಲಿ ಅಡುಗೆ ಮಾಡೋ ಒಬ್ಬ ಅಮ್ಮ, ಮಿಕ್ಕಿದ್ದೆಲ್ಲ ಅರವತ್ತು ದಾಟಿದವರು.

ಡ್ರೈವರ್ ಅಂಕಲ್ ಬರೋಕ್ಕೆ ಶುರು ಮಾಡಿದ್ದು ಎಡ ಮಂಡಿ ನೋವಿಗೆ. ಬೆಂಗಳೂರು ಟ್ರಾಫಿಕ್ಕಲ್ಲಿ ಇಷ್ಟು ವರ್ಷ ಕ್ಲಚ್ ತುಳಿದ ಕಾಲು, ನೋಯ್ದೆ ಏನ್ಮಾಡುತ್ತೆ. ಮಂಡಿ ಸ್ವಲ್ಪ ಸುಧಾರಿಸ್ತು, ಬರೋದು ಬಿಡಲಿಲ್ಲ. ಮಾತು ಕಮ್ಮಿ, ಹಿಂದಿನ ಸಾಲು, ಗೋಡೆ ಪಕ್ಕ, ಬಾಗಿಲ ಹತ್ರ. ಒಂದು ವಿಷಯ ಮಾತ್ರ ಕಣ್ಣಿಗೆ ಬೀಳ್ತಿತ್ತು. ಮೈ ಆಡಿಸೋ ಭಾಗದ ಕೊನೆಗೆ ನಾನು ಮಕರಾಸನಕ್ಕೆ ಬೋರಲು ಮಲಗಿ ಅಂತೀನಲ್ಲ, ಆ ಹೊತ್ತಿಗೆ ಸರಿಯಾಗಿ ಅವರಿಗೆ ಕೆಳಗಡೆ ನಿಲ್ಲಿಸಿದ ಗಾಡಿ ಲಾಕ್ ಮಾಡಿದೀನೋ ಇಲ್ವೋ ಅಂತ ನೆನಪಾಗೋದು. ಇಳಿದು ಹೋಗೋರು, ಎಲ್ರೂ ಮಗ್ಗುಲಿಗೆ ತಿರುಗೋ ಹೊತ್ತಿಗೆ ವಾಪಸ್ ಬರೋರು. ವಾರ ವಾರಾನೂ.

ಆವತ್ತು ಜಡಿಮಳೆ, ಕಿಟಕಿ ಎಲ್ಲ ಹಾಕಿತ್ತು, ಹಾಲಲ್ಲಿ ಒಂಥರಾ ಧಗೆ. ಮೇಷ್ಟ್ರು ಎಂದಿನ ಥರ ಶುರು ಮಾಡಿದ್ರು, ಕಣ್ಣು ಮುಚ್ಚಿ, ಬೆನ್ನು ನೇರ, ಮೂಗಿನ ತುದಿ ಹತ್ರ ಉಸಿರು ನೋಡಿ, ಬದಲಾಯಿಸ್ಬೇಡಿ, ನೋಡ್ತಾ ಇರಿ ಅಷ್ಟೇ. ಸ್ವಲ್ಪ ಹೊತ್ತಾದ್ಮೇಲೆ ಹಿಂದಿನ ಸಾಲಿಂದ ಉಸಿರಿನ ಸದ್ದು ಜೋರಾಗಿ ಕೇಳೋಕ್ಕೆ ಶುರುವಾಯ್ತು. ಕಣ್ಣು ಬಿಟ್ಟು ನೋಡಿದ್ರೆ ಡ್ರೈವರ್ ಅಂಕಲ್ ತೊಡೆ ಮೇಲಿದ್ದ ಎರಡೂ ಕೈ ಮುಷ್ಟಿ ಕಟ್ಟಿದೆ, ಭುಜ ಕಿವಿ ತನಕ ಏರಿದೆ, ಬಾಯಿ ತೆಗೆದು ಎಳ್ಕೋತಿದಾರೆ. ನಾನು ಎದ್ದು ಅವರ ಹತ್ರ ಹೋಗೋಷ್ಟರಲ್ಲಿ ಅವರೇ ಗಕ್ಕನೆ ಎದ್ದು ನಿಂತ್ರು, ಕಿಟಕಿ ಗ್ರಿಲ್ ಹಿಡ್ಕೊಂಡ್ರು, ಗ್ರಿಲ್ ಹಿಡ್ಕೊಂಡೇ ಕೆಳಗೆ ಜಾರಿದ್ರು. ಪುಣ್ಯಕ್ಕೆ ತಲೆಗೆ ಪೆಟ್ಟಾಗ್ಲಿಲ್ಲ.

ಆಮೇಲಿನ ಐದು ನಿಮಿಷ ನಮ್ಮ ಜನರನ್ನ ನೋಡ್ಬೇಕಿತ್ತು. ಒಬ್ರು ಫಿಟ್ಸು ಅಂತ ಬೀಗದ ಗೊಂಚಲು ತಂದು ಕೈಗೆ ತುರುಕಿದ್ರು. ಒಬ್ಬ ಆಂಟಿ ಯೂಟ್ಯೂಬಲ್ಲಿ ನೋಡಿದ್ದು ಅಂತ ಬೇಕರಿ ಪೇಪರ್ ಕವರ್ ಹಿಡ್ಕೊಂಡು ಬಂದು ಇದರೊಳಗೆ ಉಸಿರಾಡಿ ಅಂದ್ರು. ಬೀಗದ ಗೊಂಚಲಿಂದ ಲಾಭನೂ ಇಲ್ಲ ನಷ್ಟನೂ ಇಲ್ಲ, ಆದ್ರೆ ಕವರ್ ವಿಷಯ ಹಾಗಲ್ಲ. ಉಸಿರು ಕಟ್ತಿರೋದು ಹೆದರಿಕೆಯಿಂದಲೋ ಹೃದಯದಿಂದಲೋ ಶ್ವಾಸಕೋಶದಿಂದಲೋ ಗೊತ್ತಿಲ್ಲದೇ ಇರುವಾಗ ಕವರೊಳಗೆ ಉಸಿರಾಡಿಸಿದ್ರೆ ಆಕ್ಸಿಜನ್ ಇನ್ನೂ ಕಮ್ಮಿ ಆಗಿ ಅನಾಹುತ ಆಗಬಹುದು, ಅದಕ್ಕೇ ಈಗ ಅದನ್ನ ಮಾಡ್ಬೇಡಿ ಅಂತಾರೆ. ಕಿಟಕಿ ತೆಗೆಸಿ, ಜನರನ್ನ ದೂರ ಸರಿಸಿ, ಮಲಗಿಸಿ ಕಾಲೆರಡನ್ನೂ ಚೇರ್ ಮೇಲೆ ಎತ್ತಿಟ್ಟೆ. ಎಚ್ಚರ ಪೂರ್ತಿ ತಪ್ಪಿರ್ಲಿಲ್ಲ. ಎದೆ ನೋವಿದ್ಯಾ, ಎಡಗೈ ಸೆಳೀತಿದ್ಯಾ ಅಂತ ಕೇಳಿದ್ರೆ ಇಲ್ಲ ಅಂದ್ರು, ಆದ್ರೆ ಬೆರಳ ತುದಿ, ತುಟಿ ಸುತ್ತ ಜುಮ್ಮಂತಿದೆ ಅಂದ್ರು. "ಏನಿಲ್ಲಮ್ಮ, ಬಿಸಿಲಿಗೆ ಹೀಗಾಗಿದೆ" ಅಂತ ಬೇರೆ ಸೇರಿಸಿದ್ರು, ಹೊರಗಡೆ ಮಳೆ ಸುರೀತಿದೆ.

ಕೆಳಗಿನ ಮನೆಯಿಂದ ಬಿಪಿ ಮಷೀನ್ ತರಿಸಿದ್ವಿ. ಮಲಗಿದ್ದಾಗ ಪರವಾಗಿಲ್ಲ, ಸ್ವಲ್ಪ ಹೊತ್ತಾದ್ಮೇಲೆ ಹಿಡ್ಕೊಂಡು ನಿಲ್ಲಿಸಿ ನೋಡಿದ್ರೆ ಮೇಲಿನ ಅಂಕಿ ಧಡ್ ಅಂತ ಇಳಿದಿತ್ತು. ನಿಂತು 3 ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದ್ರೆ ಅದಕ್ಕೆ ಡಾಕ್ಟರುಗಳು ಒಂದು ಉದ್ದ ಹೆಸರಿಡ್ತಾರೆ, ನಮಗೆ ಅರ್ಥ ಆಗ್ಬೇಕಾಗಿರೋದು ಇಷ್ಟೇ, ಎದ್ದ ತಕ್ಷಣ ತಲೆಗೆ ರಕ್ತ ಸಾಲ್ತಿಲ್ಲ. ಆಟೋ ಮಾಡ್ಕೊಂಡು ಮಗನ ಜೊತೆ ಕ್ಲಿನಿಕ್‌ಗೆ ಕಳಿಸಿದ್ವಿ. ಇಸಿಜಿ ತೆಗೆದ್ರು, ರಕ್ತ ಪರೀಕ್ಷೆ ಮಾಡಿದ್ರು, ಹೃದಯದ್ದು ಏನೂ ಇಲ್ಲ ಅಂದ್ರು. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಧ್ಯಾನದ ಕ್ಲಾಸಲ್ಲಿ ಏನಾದ್ರೂ ಆದ್ರೆ ಎಲ್ರೂ ಮೊದಲು ಹೇಳೋ ಮಾತು "ಮನಸ್ಸಿಂದು ಬಿಡಿ". ಅರವತ್ತು ದಾಟಿದ ಮನುಷ್ಯ ಕುಸಿದ್ರೆ ಮೊದಲು ಹೃದಯದ್ದಲ್ಲ ಅಂತ ಡಾಕ್ಟ್ರು ಹೇಳ್ಬೇಕು, ಮನಸ್ಸಿನ ಮಾತೆಲ್ಲ ಆಮೇಲೆ.

ಕ್ಲಿನಿಕ್ಕಲ್ಲಿ ಗೊತ್ತಾಗಿದ್ದು ಇನ್ನೊಂದು. ಅಂಕಲ್ ಬಿಪಿಗೆ ಒಂದು ಮಾತ್ರೆ ತಗೋತಿದ್ರು, ಅದು ಎಲ್ರಿಗೂ ಗೊತ್ತಿತ್ತು. ಅದರ ಜೊತೆಗೆ ಪ್ರಾಸ್ಟೇಟ್‌ಗೆ ಅಂತ ಟ್ಯಾಮ್ಸುಲೋಸಿನ್ ಶುರು ಮಾಡಿದ್ರಂತೆ, ಸಂಕೋಚಕ್ಕೆ ಹೆಂಡ್ತಿ ಬಿಟ್ರೆ ಯಾರಿಗೂ ಹೇಳಿಲ್ಲ. ಅದು ಮೂತ್ರದ ದಾರಿಯ ಸ್ನಾಯುನ ಸಡಿಲ ಮಾಡೋ ಮಾತ್ರೆ, ಕೆಲವರಿಗೆ ರಕ್ತನಾಳನೂ ಸಡಿಲ ಆಗಿ ಎದ್ದು ನಿಂತಾಗ ಬಿಪಿ ಇಳಿಯುತ್ತೆ. ಬೆಳಗ್ಗೆ ಎದ್ದು ಎರಡೂ ಮಾತ್ರೆ ನುಂಗಿ, ಧ್ಯಾನಕ್ಕೆ ಖಾಲಿ ಹೊಟ್ಟೇಲಿ ಹೋಗ್ಬೇಕು ಅಂತ ಯಾರೋ ಹೇಳಿದ್ರಂತೆ ಅದಕ್ಕೆ ನೀರು ಕೂಡ ಕುಡೀದೆ, ಚಕ್ಕಳಮಕ್ಕಳ ಹಾಕಿ ಅಷ್ಟು ಹೊತ್ತು ಕೂತು, ಕಾಲಲ್ಲಿ ರಕ್ತ ನಿಂತು, ಗಕ್ಕನೆ ಎದ್ರೆ ಇನ್ನೇನಾಗುತ್ತೆ. ಡಾಕ್ಟ್ರು ಪ್ರಾಸ್ಟೇಟ್ ಮಾತ್ರೆನ ರಾತ್ರಿ ಊಟ ಆದ್ಮೇಲೆ ತಗೊಳ್ಳಿ ಅಂದ್ರು.

ಕುಸಿದಿದ್ದಕ್ಕೆ ಇಷ್ಟು ಸಾಕು. ಆದ್ರೆ ಎದ್ದಿದ್ದು ಯಾಕೆ, ಉಸಿರು ಹಾಗೆ ಏರಿದ್ದು ಯಾಕೆ ಅನ್ನೋದಕ್ಕೆ ಮಾತ್ರೆಲಿ ಉತ್ತರ ಇರ್ಲಿಲ್ಲ. ಬೆರಳ ತುದಿ, ತುಟಿ ಜುಮ್ಮನ್ನೋದು ಹೆದರಿ ಜೋರುಜೋರಾಗಿ ಉಸಿರಾಡಿದಾಗ ಆಗೋದು. ಬೇಕಾಗಿರೋದಕ್ಕಿಂತ ಜಾಸ್ತಿ ಗಾಳಿ ಎಳೆದು ಬಿಟ್ಟಾಗ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಅದು ಇಳಿದ್ರೆ ಮೆದುಳಿನ ರಕ್ತನಾಳ ಬಿಗಿಯುತ್ತೆ, ತಲೆ ತಿರುಗುತ್ತೆ, ಉಸಿರು ಸಾಲ್ತಿಲ್ಲ ಅನ್ಸುತ್ತೆ, ಆಗ ಮನುಷ್ಯ ಇನ್ನೂ ಜೋರಾಗಿ ಎಳೀತಾನೆ. ಇಷ್ಟೆಲ್ಲ ಆಗಿದ್ದು ಸುಮ್ನೆ ಕೂತು ಉಸಿರು ನೋಡ್ತಿದ್ದ ಮನುಷ್ಯನಿಗೆ.

ಅಷ್ಟರಲ್ಲಿ ಕಮಿಟಿ ಮೀಟಿಂಗ್ ಕರೆದ್ರು. ನಮ್ಮ ಅಸೋಸಿಯೇಷನ್ ಮೀಟಿಂಗ್ ಗೊತ್ತಲ್ಲ, ಕಾವೇರಿ ನೀರಿನ ಪೈಪು, ಬೀದಿ ನಾಯಿ, ಪಾರ್ಕಿಂಗ್ ಎಲ್ಲ ಮುಗಿದು ಒಂಬತ್ತೂವರೆ ರಾತ್ರಿಗೆ ನಮ್ಮ ವಿಷಯ ಬಂತು. ಪ್ರೆಸಿಡೆಂಟು ಕ್ಲಾಸ್ ನಿಲ್ಲಿಸಿಬಿಡೋಣ, ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ ಅಂದ್ರು. ಟ್ರೆಷರರು ನಿಲ್ಲಿಸೋದು ಬೇಡ, "ಏನಾದ್ರೂ ಆದರೆ ನಾನೇ ಹೊಣೆ" ಅಂತ ಎಲ್ರ ಹತ್ರ ಸೈನ್ ಹಾಕಿಸ್ಕೊಳ್ಳಿ ಅಂದ್ರು. ಆ ಕಾಗದದಿಂದ ಕಮಿಟಿಗೆ ನಿದ್ದೆ ಬರಬಹುದು, ಕುಸಿಯೋರು ಕುಸಿಯೋದು ನಿಲ್ಲಲ್ಲ. ಸೈನ್ ಹಾಕಿಸೋ ಬದಲು ಎರಡು ಪ್ರಶ್ನೆ ಕೇಳಿ ಅಂತ ನಾನಂದೆ. ಮೇಷ್ಟ್ರಿಗೆ ಅದೂ ಸರಿ ಬರ್ಲಿಲ್ಲ. ಅವರ ವಾದ ಏನಂದ್ರೆ, ಕೂತಾಗ ಒಳಗಿಂದು ಮೇಲೆ ಬರುತ್ತೆ, ಬರೋದೇ ಒಳ್ಳೇದು, ಅಲ್ಲಾಡದೆ ತಡ್ಕೊಂಡು ನೋಡಿದ್ರೆ ತಾನಾಗೇ ಹೋಗುತ್ತೆ, ಎಲ್ಲ ಅನಿಚ್ಚ, ಅಂದ್ರೆ ಯಾವುದೂ ಶಾಶ್ವತ ಅಲ್ಲ, ಅಂಕಲ್ ಇನ್ನು ಎರಡು ನಿಮಿಷ ಕೂತಿದ್ರೆ ಸರಿ ಹೋಗ್ತಿತ್ತು.

ಅವರು ಸುಮ್ನೆ ಹೇಳೋರಲ್ಲ, ಸ್ವಂತ ಅನುಭವದಿಂದಲೇ ಹೇಳಿದ್ದು. ಆದ್ರೆ ಅವರ ಅನುಭವ ಆಗಿದ್ದು ಎಲ್ಲಿ ಅಂತ ನೋಡ್ಬೇಕು. ಹತ್ತು ದಿನ ಅಲ್ಲೇ ಇದ್ದು, ಮೊದಲು ಮೂರು ದಿನ ಬರೀ ಆನಾಪಾನ, ಅಂದ್ರೆ ಉಸಿರು ನೋಡೋದು, ಕೇಳೋಕ್ಕೆ ದಿನಾ ಸಿಗೋ ಆಚಾರ್ಯರು, ಹೊರಗಿನ ಗೋಜಿಲ್ಲ. ಅದಕ್ಕಿಂತ ಮುಖ್ಯ, ಸೇರೋಕ್ಕೆ ಮುಂಚೆ ಅರ್ಜೀಲಿ ದೇಹದ ಕಾಯಿಲೆ, ಮನಸ್ಸಿನ ಕಾಯಿಲೆ, ತಗೊಳ್ಳೋ ಮಾತ್ರೆ ಎಲ್ಲ ಕೇಳ್ತಾರೆ. ಮೇಷ್ಟ್ರೇ ಅದನ್ನ ತುಂಬಿ ಕೊಟ್ಟಿದ್ದವರು. ಇನ್ನೊಂದು ಕಡೆಯಿಂದ ನೋಡಿದ್ರೂ ಅದೇ. ಈಗ ಎಲ್ಲ ಕಂಪನಿಲೂ ಮೈಂಡ್‌ಫುಲ್‌ನೆಸ್ ಅಂತ ಮಾಡಿಸ್ತಾರಲ್ಲ, ಅದರ ಮೂಲ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ ಮೆಡಿಕಲ್ ಸೆಂಟರಲ್ಲಿ ಜಾನ್ ಕಬಟ್-ಝಿನ್ ಶುರು ಮಾಡಿದ ಕೋರ್ಸು. ಅದು 8 ವಾರದ್ದು, ವಾರಕ್ಕೆ ಒಂದು ಸಲ ಎರಡೂವರೆ ಗಂಟೆ, ಬರೋರು ಬಹಳಷ್ಟು ಜನ ವರ್ಷಗಟ್ಟಲೆ ನೋವು ತಿಂದು ಡಾಕ್ಟರೇ ಕಳಿಸಿದವರು. ಅಲ್ಲೂ ಶುರುವಿಗೆ ಮುಂಚೆ ಒಬ್ಬೊಬ್ರನ್ನೇ ಕೂರಿಸಿ ಮಾತಾಡಿಸ್ತಿದ್ರು, ಮತ್ತೆ ಬರೀ ಕೂರೋದಷ್ಟೇ ಅಲ್ಲ, ಮಲಗಿ ಮೈಯ ಒಂದೊಂದೇ ಭಾಗ ಗಮನಿಸೋದು, ನಿಧಾನಕ್ಕೆ ಯೋಗಾಸನ, ನಡೆಯೋದು ಎಲ್ಲ ಇತ್ತು. ನಮ್ಮ ಲೇಔಟ್ ಕ್ಲಾಸುಗಳು ಎರಡೂ ಕಡೆಯಿಂದ ಕೂರೋದನ್ನ ಮಾತ್ರ ಎತ್ಕೊಂಡು ಬಂದಿವೆ, ಕೇಳೋದನ್ನ ಅಲ್ಲೇ ಬಿಟ್ಟಿವೆ. ಯಾರನ್ನೂ ಏನೂ ಕೇಳಲ್ಲ ಅನ್ನೋದನ್ನ ನಾವು ದೊಡ್ಡಸ್ತಿಕೆ ಅಂತ ಬೋರ್ಡಲ್ಲೇ ಬರೆಸಿಬಿಟ್ಟಿದ್ವಿ, "ಎಲ್ಲರಿಗೂ ಮುಕ್ತ ಪ್ರವೇಶ".

ಮೀಟಿಂಗಲ್ಲಿ ಏನೂ ತೀರ್ಮಾನ ಆಗ್ಲಿಲ್ಲ. ಎರಡು ವಾರ ಕ್ಲಾಸಿಗೆ ರಜ ಕೊಡೋಣ, ಆಮೇಲೆ ನೋಡೋಣ ಅಂತ ಎದ್ರು.

ಆ ರಜದಲ್ಲಿ ಅಂಕಲ್ ಮನೆಗೆ ಹೋಗಿದ್ದೆ, ಮಂಡಿ ವ್ಯಾಯಾಮ ತೋರ್ಸೋ ನೆಪದಲ್ಲಿ. ಆಂಟಿ ಕಾಫಿ ತಂದಿಟ್ಟು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತ್ರು. ಮಂಡಿ ವಿಷಯ ಮುಗೀತು, ಮಾತ್ರೆ ವಿಷಯ ಮುಗೀತು, ಹೊರಡೋ ಮುಂಚೆ ಸುಮ್ನೆ ಕೇಳ್ದೆ, ಅಂಕಲ್, ಬೋರಲು ಮಲಗೋಕ್ಕೆ ನಿಮಗೆ ಬೆನ್ನು ನೋವಾಗುತ್ತಾ, ಆಗೋದಾದ್ರೆ ಬೇರೆ ತೋರಿಸ್ತೀನಿ ಅಂತ. ಅವರು ಆಂಟಿ ಮುಖ ನೋಡಿದ್ರು. ಆಂಟಿನೇ ಹೇಳಿದ್ದು. "ಇವ್ರು ಮನೇಲೂ ಬೋರಲು ಮಲಗಲ್ಲಮ್ಮ. ಕೊರೋನಾಲಿ ಆಸ್ಪತ್ರೇಲಿ ಇದ್ದು ಬಂದ್ಮೇಲಿಂದ ಮಲಗಿಲ್ಲ."

2021ರ ಮೇ ತಿಂಗಳು. ಬೆಂಗಳೂರಲ್ಲಿ ಆಗ ಇದ್ದವರಿಗೆ ನಾನು ಬಿಡಿಸಿ ಹೇಳೋದೇನಿಲ್ಲ, ಬೆಡ್‌ಗೆ ಫೋನ್ ಮೇಲೆ ಫೋನು, ಆಕ್ಸಿಜನ್ ಸಿಲಿಂಡರ್‌ಗೆ ರಾತ್ರಿಯೆಲ್ಲ ಅಲೆದಾಟ, ದಿನಾ ಯಾರದ್ದೋ ಸುದ್ದಿ. ಆ ಏಪ್ರಿಲ್ಲಲ್ಲೇ ಕೇಂದ್ರ ಆರೋಗ್ಯ ಇಲಾಖೆ ಆಕ್ಸಿಜನ್ ಪ್ರಮಾಣ 94ಕ್ಕಿಂತ ಕೆಳಗಿಳಿದ್ರೆ ಬೋರಲು ಮಲಗಿ ಅಂತ ಎಲ್ರಿಗೂ ಹೇಳಿತ್ತು, ಹಾಗೆ ಮಲಗಿದ್ರೆ ಶ್ವಾಸಕೋಶದ ಬೆನ್ನಿನ ಕಡೆ ಭಾಗಕ್ಕೆ ಗಾಳಿ ಚೆನ್ನಾಗಿ ಹೋಗುತ್ತೆ. ಅಂಕಲ್‌ನ ಹಾಗೇ ಮಲಗಿಸಿದ್ರು. ಮುಖ ಒಂದು ಕಡೆ ತಿರುಗಿಸಿ ಮಲಗಿದ್ರೆ ಕಾಣ್ತಿದ್ದಿದ್ದು ಪಕ್ಕದ ಬೆಡ್ಡು, ಬೆರಳಿಗೆ ಸಿಕ್ಕಿಸಿದ ಮಷೀನು, ಅದರಲ್ಲಿ ಅಂಕಿ. ನರ್ಸಮ್ಮ ಒಳ್ಳೆಯವಳು, ಬಂದು ಬಂದು ಹೇಳೋಳಂತೆ, "ಅಂಕಲ್ ಹೆದರ್ಬೇಡಿ, ಬೇರೆ ಕಡೆ ಗಮನ ಬೇಡ, ಉಸಿರು ನೋಡ್ತಾ ಇರಿ". ಅವರು ಉಸಿರು ನೋಡ್ತಾನೇ ಇದ್ರು. ಪಕ್ಕದ ಬೆಡ್ ಎರಡು ಸಲ ಖಾಲಿ ಆಯ್ತು.

ಕ್ಲಾಸಲ್ಲಿ ಇಷ್ಟು ದಿನ ಹೇಗೆ ಕೂತ್ಕೊಂಡ್ರಿ ಅಂತ ಕೇಳಿದ್ದಕ್ಕೆ ಅಂಕಲ್ ಹೇಳಿದ್ದು ಕೇಳಿ ಆಂಟಿಗೇ ನಗು ಬಂತು. ಮೇಷ್ಟ್ರು ಕಣ್ಣು ಮುಚ್ಚಿ ಅಂದ ತಕ್ಷಣ ಅವರು ಮನಸ್ಸಲ್ಲೇ ಬಸ್ ತೆಗೀತಿದ್ರಂತೆ. ಡಿಪೋ ಬಿಟ್ಟು, ಬನಶಂಕರಿ ಬಸ್‌ಸ್ಟ್ಯಾಂಡು, ಜಯನಗರ, ಲಾಲ್‌ಬಾಗ್, ಕಾರ್ಪೊರೇಷನ್ನು, ಮೆಜೆಸ್ಟಿಕ್ಕು, ಪ್ರತಿ ಸ್ಟಾಪಲ್ಲೂ ನಿಲ್ಲಿಸ್ಕೊಂಡು ಹೋದ್ರೆ ಅರ್ಧ ಗಂಟೆ ಕಳೆದುಹೋಗೋದು. ಆವತ್ತು ಮಾತ್ರ, ಎಲ್ರೂ ಇಷ್ಟು ಶ್ರದ್ಧೆಯಿಂದ ಮಾಡ್ತಾರೆ, ನಾನೊಬ್ಬ ಮೋಸ ಮಾಡ್ತಿದೀನಲ್ಲ ಅನ್ಸಿ ನಿಜವಾಗ್ಲೂ ಉಸಿರು ನೋಡಿದ್ರಂತೆ. ಕಿಟಕಿ ಬೇರೆ ಹಾಕಿತ್ತು.

ಇದನ್ನ ಕೇಳಿದ್ಮೇಲೆ ಅಂಕಲ್‌ಗೆ ಎರಡು ವಿಷಯ ಹೇಳ್ದೆ. ಒಂದು, ಬಸ್ ಓಡಿಸಿದ್ದು ಮೋಸ ಅಲ್ಲ, ನಿಮ್ಮ ಮೈಗೆ ಗೊತ್ತಿತ್ತು ಏನು ಬೇಡ ಅಂತ. ಎರಡು, ಇದು ನಿದ್ದೆ ಕೆಡಿಸೋದು, ಮನೆಯಿಂದ ಆಚೆ ಹೋಗೋಕ್ಕೂ ಹೆದರಿಕೆ ಬರೋದು ಅಂತಾದ್ರೆ ಇದಕ್ಕೆ ಅಂತ್ಲೇ ಕಲಿತವರಿದ್ದಾರೆ, ಧ್ಯಾನದ ಕ್ಲಾಸಿಂದ ಅಥವಾ ಫಿಸಿಯೋ ಕೈಲಿ ಆಗೋ ಕೆಲಸ ಅಲ್ಲ ಅಂತ. ಟೆಲಿ ಮಾನಸ್ ಅಂತ 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ ಇದೆ, 14416, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ, ದಿನದ 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರ್ಕೊಂಡ್ರು. ಫೋನ್ ಮಾಡಿದ್ರಾ ಇಲ್ವಾ ಅಂತ ನಾನು ಕೇಳಿಲ್ಲ, ಅದು ಅವರ ವಿಷಯ.

ಮೇಷ್ಟ್ರಿಗೆ ಈ ವಿಷಯ ಹೇಳ್ಬಹುದಾ ಅಂತ ಅಂಕಲ್‌ನ ಕೇಳಿ ಒಪ್ಪಿಗೆ ತಗೊಂಡೇ ಹೇಳಿದ್ದು. ಮೇಷ್ಟ್ರು ಬಹಳ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಎದ್ದು ಬೀರು ತೆಗೆದ್ರು. ಗಾಂಧಿನಗರದ ಮಹಾಬೋಧಿ ಸೊಸೈಟಿ ಗೊತ್ತಿರ್ಬೇಕಲ್ಲ, 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ್ದು, ಅಲ್ಲಿಂದ ಯಾವತ್ತೋ ತಂದಿದ್ದ ಸತಿಪಟ್ಠಾನ ಸುತ್ತದ, ಅಂದ್ರೆ ಎಚ್ಚರದಿಂದ ಗಮನಿಸೋದರ ಬಗ್ಗೆ ಬುದ್ಧನ ಉಪದೇಶದ, ಒಂದು ಸಣ್ಣ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ್ರು. ಅದರಲ್ಲಿ ಮೊದಲು ಉಸಿರು ಬರುತ್ತೆ ನಿಜ. ಅದರ ಬೆನ್ನಿಗೇ ನಡೆಯುವಾಗ ನಡೀತಿದೀನಿ ಅಂತ ಗೊತ್ತಿರೋದು, ನಿಂತಾಗ, ಕೂತಾಗ, ಮಲಗಿದಾಗ ಗೊತ್ತಿರೋದು, ಕೈಕಾಲು ಮಡಚುವಾಗ ಚಾಚುವಾಗ ಗೊತ್ತಿರೋದು, ಉಣ್ಣುವಾಗ ಕುಡಿಯುವಾಗ ಗೊತ್ತಿರೋದು ಎಲ್ಲ ಸಾಲಾಗಿ ಬರುತ್ತೆ. "ಉಸಿರಿಂದಾನೇ ಶುರು ಮಾಡ್ಬೇಕು ಅಂತ ನಾನು ಹಿಡಿದ ಹಠ ಇದರಲ್ಲಿಲ್ಲ" ಅಂದ್ರು. ತಡ್ಕೊಂಡು ಕೂರ್ಬೇಕು ಅನ್ನೋ ವಾದ ಮಾತ್ರ ಬಿಡ್ಲಿಲ್ಲ. ಆವತ್ತಿಗೆ ಅಷ್ಟು ಸಾಕಿತ್ತು.

ನನ್ನ ಕಡೆಯಿಂದ ಹೇಳೋಕ್ಕೂ ಒಂದು ಆಧಾರ ಇತ್ತು. ಬ್ರೌನ್ ಯೂನಿವರ್ಸಿಟಿಯ ವಿಲೋಬಿ ಬ್ರಿಟನ್ ಮತ್ತೆ ಜೊತೆಯವರು ಧ್ಯಾನ ಮಾಡೋರನ್ನೇ ಕೂರಿಸಿ ಕೇಳಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಧ್ಯಾನದಲ್ಲಿ ಏನೇನು ಕಷ್ಟ ಬಂತು ಹೇಳಿ ಅಂತ. ಹೆದರಿಕೆ, ಆತಂಕ, ಪ್ಯಾನಿಕ್ ಅಂತ ಹೇಳಿದವರು ಬಹಳ ಜನ, ಅವರಲ್ಲಿ ಹೊಸಬರಷ್ಟೇ ಅಲ್ಲ, ಹಳೇ ಸಾಧಕರು, ಕಲಿಸೋರೂ ಇದ್ರು. ಹಾಗಂತ ಧ್ಯಾನನೇ ಕೆಟ್ಟದ್ದು ಅಂತ ಅಲ್ಲ. ಒಬ್ರಿಗೆ ಹಗುರ ಮಾಡೋದು ಇನ್ನೊಬ್ರಿಗೆ ಹಗ್ಗ ಬಿಗಿದಂಗೆ ಆಗ್ಬಹುದು, ಹಾಲಲ್ಲಿ ಕಣ್ಣು ಮುಚ್ಚಿ ಕೂತಿರೋರಲ್ಲಿ ಯಾರಿಗೆ ಯಾವುದು ಅಂತ ಮುಖ ನೋಡಿ ಹೇಳೋಕ್ಕಾಗಲ್ಲ.

ರಜ ಮುಗಿದು ಮತ್ತೆ ಶುರು ಮಾಡಿದಾಗ ಕ್ರಮ ತಿರುಗಿಸಿದ್ವಿ. ಈಗ ಮೊದಲು ಮೈ ಆಡಿಸೋದು, ಆಮೇಲೆ ನಡೆಯೋದು, ಕೂರೋದು ಕೊನೇಲಿ ಹತ್ತು ಹನ್ನೆರಡು ನಿಮಿಷ ಅಷ್ಟೇ. ವಾರವೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ, ಲ್ಯಾಪ್‌ಟಾಪ್ ಮುಂದೆ, ಗ್ಯಾಸ್ ಕಟ್ಟೆ ಮುಂದೆ ಬಿಗಿದುಕೊಂಡಿರೋ ಮೈನ ತಂದು ನೆಲಕ್ಕೆ ಕುಕ್ಕಿ ಅಲ್ಲಾಡ್ಬೇಡ ಅಂದ್ರೆ ಅದು ಕೇಳಲ್ಲ, ಇದನ್ನ ನಾನು ಮೊದಲಿಂದ ಹೇಳ್ತಿದ್ದೆ, ಆದ್ರೆ ಕೂರೋದೇ ಮುಖ್ಯ ಭಾಗ, ಮೈ ಆಡಿಸೋದು ಬಾಲ ಅನ್ನೋ ಲೆಕ್ಕ ಇತ್ತು. ಕೂತಾಗ ಮೇಷ್ಟ್ರು ಈಗ ಒಂದೇ ದಾರಿ ಹೇಳಲ್ಲ. ಉಸಿರು ನೋಡೋರು ನೋಡಿ, ಬೇಡ ಅನ್ಸಿದ್ರೆ ಪಾದ ನೆಲಕ್ಕೆ ತಾಗಿರೋ ಜಾಗ ನೋಡಿ, ಅಂಗೈ ಬಿಸಿ ನೋಡಿ, ಅದೂ ಬೇಡ ಅಂದ್ರೆ ಹೊರಗಿನ ಸದ್ದು ಕೇಳಿ ಅಂತಾರೆ. ಸದ್ದಿಗೇನು ಬರ ಇಲ್ಲ ನಮ್ಮಲ್ಲಿ, ಬೂತಿನ ಮುಂದೆ ಹಾಲಿನ ಕ್ರೇಟ್ ಎಳೆಯೋದು, ಸೊಪ್ಪಿನವನು, ಕಸದ ಆಟೋ, ಯಾವುದೋ ಮನೆ ಕುಕ್ಕರ್ ಮೂರನೇ ವಿಷಲ್ಲು. ಮೊದಲು ಸದ್ದಾಗುತ್ತೆ ಅಂತ ಕಿಟಕಿ ಹಾಕ್ತಿದ್ವಿ, ಈಗ ಕಿಟಕಿನೂ ಬಾಗಿಲೂ ತೆಗ್ದೇ ಇರುತ್ತೆ. ಕಣ್ಣು ಮುಚ್ಚಲೇಬೇಕು ಅಂತಿಲ್ಲ, ಮುಂದೆ ನೆಲ ನೋಡ್ತಾ ಕೂತ್ರೂ ಆಯ್ತು.

ಚೇರುಗಳದ್ದು ಒಂದು ಸಣ್ಣ ವಿಷಯ, ಆದ್ರೆ ಅದೇ ಜಾಸ್ತಿ ಕೆಲಸ ಮಾಡಿತು ಅನ್ಸುತ್ತೆ ನನಗೆ. ಮುಂಚೆ ನೆಲದಲ್ಲಿ ಕೂರೋಕ್ಕಾಗದವರಿಗೆ ಅಂತ ಹಿಂದೆ ಎರಡು ಪ್ಲಾಸ್ಟಿಕ್ ಚೇರ್ ಇರ್ತಿತ್ತು, ಅಲ್ಲಿ ಕೂತ್ರೆ ಸೋತಂಗೆ, ಹಾಗಾಗಿ ಮಂಡಿ ನೋವಿದ್ರೂ ಹಲ್ಲು ಕಚ್ಚಿ ನೆಲದಲ್ಲೇ ಕೂರೋರು. ಈಗ ಚೇರು ಮುಂದಿನ ಸಾಲಲ್ಲಿ, ಮೇಷ್ಟ್ರೇ ಒಂದರಲ್ಲಿ ಕೂರ್ತಾರೆ. ಮೇಷ್ಟ್ರು ಚೇರಲ್ಲಿ ಕೂತ ಮೊದಲನೇ ವಾರನೇ ಆರೇಳು ಜನ ಜಮಖಾನ ಬಿಟ್ಟು ಎದ್ದು ಬಂದ್ರು. ಏಳೋದಕ್ಕೂ ಒಂದು ಕ್ರಮ ಹೇಳ್ಕೊಟ್ಟಿದೀವಿ, ಮಲಗಿದ್ರೆ ಮೊದಲು ಮಗ್ಗುಲಾಗಿ, ಕೂತ್ಕೊಂಡು ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಚೇರ್ ಹಿಡ್ಕೊಂಡು ಎದ್ದು ಒಂದು ಕ್ಷಣ ಅಲ್ಲೇ ನಿಂತು ಆಮೇಲೆ ಹೆಜ್ಜೆ. ಪಾದ ಆಡಿಸಿದ್ರೆ ಮೀನಖಂಡ ಹಿಂಡಿ ರಕ್ತನ ಮೇಲಕ್ಕೆ ತಳ್ಳುತ್ತೆ. ಬರೋಕ್ಕೆ ಮುಂಚೆ ಒಂದು ಲೋಟ ನೀರು ಕುಡೀಬೇಕು, ಶುಗರ್ ಮಾತ್ರೆ ತಗೊಳ್ಳೋರು ಖಾಲಿ ಹೊಟ್ಟೇಲಿ ಬರಕೂಡದು. ಪ್ರತಿ ವಾರ ಒಬ್ರು ಧ್ಯಾನ ಮಾಡಲ್ಲ, ಸುಮ್ನೆ ಎಲ್ರನ್ನೂ ನೋಡ್ಕೊಂಡು ಕೂರ್ತಾರೆ. ಆ ಕೆಲಸ ಅಡುಗೆ ಅಮ್ಮನಿಗೆ ಬಲು ಇಷ್ಟ, ಅವರ ಕಣ್ಣಿಗೆ ಬೀಳೋದು ನನ್ನ ಕಣ್ಣಿಗೂ ಬೀಳಲ್ಲ.

ಕೇಳೋ ಪ್ರಶ್ನೆ ಎರಡೇ, ಹೊಸಬರು ಬಂದಾಗ ಮೆಟ್ಟಿಲ ಹತ್ರ ಒಬ್ಬೊಬ್ರನ್ನೇ ನಿಲ್ಲಿಸಿ ಕೇಳೋದು. ಏನು ಮಾತ್ರೆ ತಗೋತಿದೀರಿ, ಮತ್ತೆ ಕಣ್ಣು ಮುಚ್ಚಿ ಕೂರೋದು, ಬೋರಲು ಮಲಗೋದು, ಉಸಿರು ಹಿಡಿಯೋದು ಇಂಥದ್ರಲ್ಲಿ ನಿಮಗೆ ಬೇಡದ್ದು ಏನಾದ್ರೂ ಇದ್ಯಾ. ಯಾಕೆ ಅಂತ ಕೇಳಲ್ಲ. ಯಾಕೆ ಅಂತ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ, ಇಲ್ಲಾಂದ್ರೆ ಮುಂದಿನ ವಾರ ಬರಲ್ಲ. ಬೇಡದ್ದು ಇದೆ ಅಂದವರು ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಜನ, ಅದರಲ್ಲೂ ಹೆಂಗಸರು.

ಅಂಕಲ್ ವಾಪಸ್ ಬಂದಿದ್ದು ಶುರುವಾದ ಮೂರನೇ ವಾರವೋ ನಾಲ್ಕನೇ ವಾರವೋ. ನಡೆಯೋ ಭಾಗದಲ್ಲಿ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಿಧಾನಕ್ಕೆ ಹೋಗಿ ಬರ್ಬೇಕು, ಹಿಮ್ಮಡಿ ತಾಗೋದು, ಪಾದ ಪೂರ್ತಿ ಊರೋದು, ಭಾರ ಮುಂದೆ ಹೋಗೋದು, ಹಿಂದಿನ ಹಿಮ್ಮಡಿ ಏಳೋದು, ಇಷ್ಟನ್ನ ಗಮನಿಸ್ಕೊಂಡು. ಹೇಳೋಕ್ಕೆ ಸುಲಭ, ಮಾಡಿದ್ರೆ ಐಟಿ ಹುಡುಗ್ರು ಕುಡಿದವರ ಥರ ತೂರಾಡ್ತಾರೆ, ಯಾಕಂದ್ರೆ ನಿಧಾನ ಮಾಡಿದ ತಕ್ಷಣ ಒಂದೇ ಕಾಲ ಮೇಲೆ ಬ್ಯಾಲೆನ್ಸ್ ಮಾಡ್ಬೇಕಾಗುತ್ತೆ. ಅಂಕಲ್ ಮಾತ್ರ ತೂರಾಡ್ಲಿಲ್ಲ. ಎಡ ಪಾದ ಎತ್ತೋವಾಗ ಎಷ್ಟು ಸಣ್ಣಗೆ, ಎಷ್ಟು ಸಮಾ ಎತ್ತಿದ್ರು ಅಂದ್ರೆ ನಾನು ಹೇಳ್ಕೊಡೋದು ಬಿಟ್ಟು ನೋಡ್ತಾ ನಿಂತೆ. ಪಕ್ಕದಲ್ಲಿದ್ದ ಹುಡುಗ ಹೇಗೆ ಅಂಕಲ್ ಇದು ಅಂದ. "ಲೋಡ್ ಗಾಡೀಲಿ ಏರಲ್ಲಿ ನಿಂತಿದ್ರೆ ಕ್ಲಚ್ ಬಿಡ್ತೀವಲ್ಲ ಮಗಾ, ಹಂಗೆ. ಪೂರ್ತಿ ಬಿಟ್ರೆ ಗಾಡಿ ಆಫ್, ಬಿಡದೇ ಇದ್ರೆ ಹಿಂದಕ್ಕೆ ಹೋಗುತ್ತೆ. ಎಲ್ಲಿ ಹಿಡೀತು ಅಂತ ಪಾದಕ್ಕೆ ಗೊತ್ತಾಗ್ಬೇಕು." ಗೇರ್ ಇಲ್ಲದ ಸ್ಕೂಟರ್ ಓಡಿಸೋ ಹುಡುಗನಿಗೆ ಎಷ್ಟು ಅರ್ಥ ಆಯ್ತೋ, ತಲೆ ಆಡಿಸಿದ.

ಈಗ ಅವರು ವಾರ ತಪ್ಪಿಸಲ್ಲ. ಕೂರೋ ಹೊತ್ತಲ್ಲಿ ಕಣ್ಣು ಬಿಟ್ಕೊಂಡು ಚೇರಲ್ಲಿ ಪಾದ ಊರಿ ಕೂರ್ತಾರೆ, ಉಸಿರಿನ ತಂಟೆಗೆ ಹೋಗಲ್ಲ. ಮಕರಾಸನದ ಜಾಗದಲ್ಲಿ ಮಗ್ಗುಲಾಗಿ ಮಲಗೋದನ್ನೂ ಹೇಳ್ತೀನಿ, ಯಾವುದು ಬೇಕೋ ಮಾಡ್ಕೊಳ್ಳಿ ಅಂತ. ತಲೆಸುತ್ತು ಮತ್ತೆ ಬಂದಿಲ್ಲ, ಮಾತ್ರೆ ಹೊತ್ತು ಬದಲಾಯಿಸಿದ್ದಕ್ಕೋ ಕ್ಲಾಸ್ ಬದಲಾಯಿಸಿದ್ದಕ್ಕೋ ಎರಡಕ್ಕೂನೋ, ಬಿಡಿಸಿ ಹೇಳೋಕ್ಕಾಗಲ್ಲ. ನಿದ್ದೆ ಮುಂಚಿಗಿಂತ ಪರವಾಗಿಲ್ಲ ಅಂತಾರೆ ಆಂಟಿ. ಮುಂದೆ ಯಾವತ್ತಾದ್ರೂ ಉಸಿರಿನ ಹತ್ರ ಹೋಗ್ಬೇಕಾ ಅಂದ್ರೆ, ಹೋಗ್ಲೇಬೇಕು ಅಂತ ನನಗನ್ಸಲ್ಲ. ಮೇಷ್ಟ್ರಿಗೆ ಒಂದಲ್ಲ ಒಂದಿನ ಹೋಗ್ತಾರೆ ಅನ್ನೋ ಆಸೆ ಇದೆ, ಆದ್ರೆ ಬಾಯಿ ಬಿಟ್ಟು ಅವರಿಗೆ ಹೇಳಲ್ಲ, ಅದು ಮೇಷ್ಟ್ರ ದೊಡ್ಡ ಗುಣ.

ಈ ಬದಲಾವಣೆಯಿಂದ ಎಲ್ರಿಗೂ ಖುಷಿ ಆಯ್ತು ಅಂತೇನಿಲ್ಲ. ಗಟ್ಟಿಯಾಗಿ ಅರ್ಧ ಗಂಟೆ ಕೂರ್ಬೇಕು ಅಂತ್ಲೇ ಬರ್ತಿದ್ದ ನಾಲ್ಕೈದು ಜನಕ್ಕೆ ಬೇಜಾರಾಯ್ತು, ಇದು ಧ್ಯಾನದ ಕ್ಲಾಸೋ ವಾಕಿಂಗ್ ಕ್ಲಬ್ಬೋ ಅಂತ ಒಬ್ರು ಮುಖಕ್ಕೇ ಕೇಳಿ ಬಿಟ್ಟುಹೋದ್ರು. ಅವರ ಮಾತಲ್ಲೂ ನ್ಯಾಯ ಇದೆ. ಅವರಿಗೋಸ್ಕರ ಮೇಷ್ಟ್ರು ಗುರುವಾರ ಸಾಯಂಕಾಲ ತಮ್ಮ ಮನೆ ಮಹಡೀಲಿ ಒಂದು ಗಂಟೆ ಕೂರೋದು ಶುರು ಮಾಡಿದಾರೆ, ಭಾನುವಾರ ಸ್ವಲ್ಪ ದಿನ ಬಂದು ಅಭ್ಯಾಸ ಆದವರಿಗೆ ಮಾತ್ರ, ಅದಕ್ಕೂ ಅವೇ ಎರಡು ಪ್ರಶ್ನೆ. ಟ್ರೆಷರರು ಸೈನ್ ಹಾಕಿಸೋ ಫಾರ್ಮ್ ಪ್ರಿಂಟ್ ಹಾಕಿಸ್ಕೊಂಡು ಬಂದಿದ್ರು, ಒಂದು ಕಟ್ಟು ಆಫೀಸ್ ಬೀರುಲಿದೆ, ಮುಂದಿನ ಮೀಟಿಂಗಲ್ಲಿ ಮತ್ತೆ ತೆಗೀತಾರೆ. ಬೋರ್ಡಲ್ಲಿ "ಎಲ್ಲರಿಗೂ ಮುಕ್ತ ಪ್ರವೇಶ" ಹಾಗೇ ಇದೆ, ಅದರ ಕೆಳಗೆ 14416 ಬರೆಸಿದೀವಿ. ಗಣೇಶನ ಹಬ್ಬಕ್ಕೆ ಅಸೋಸಿಯೇಷನ್ ಹಾಲ್ ಹತ್ತು ದಿನ ಪೆಂಡಾಲಿನವರಿಗೆ ಹೋಗುತ್ತೆ, ಆ ಭಾನುವಾರ ಪಾರ್ಕಲ್ಲಿ ಮಾಡೋಣ ಅಂತ ಇದೀವಿ, ಅಲ್ಲಿ ನೆಲ ಏರುಪೇರು, ಅಷ್ಟೊಂದು ಚೇರು ಹೊತ್ಕೊಂಡು ಹೋಗೋರ್ಯಾರು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.